ಕಾಕ್‌ಪಿಟ್ ಪ್ಯಾನಲ್‌ಗೆ ಎಲ್‌ಇಡಿ: ಬೆಳಕು ಕಮ್ಮಿ ಮಾಡುವ ಕೆಲಸ

ಮನೆಯಲ್ಲಿ ಫ್ಲೈಟ್ ಸಿಮ್ಯುಲೇಟರ್ ಕಾಕ್‌ಪಿಟ್ ಕಟ್ಟುವವರು ಪ್ಯಾನಲ್, ಅಂದರೆ ಸ್ವಿಚ್ಚು ಬಟನ್‌ಗಳ ಫಲಕದ ಲೈಟಿನ ವಿಷಯಕ್ಕೆ ಬಂದ ಕೂಡಲೇ ಕೇಳುವ ಪ್ರಶ್ನೆ ಒಂದೇ. ಯಾವ ಎಲ್‌ಇಡಿ ಜಾಸ್ತಿ ಬೆಳಕು ಕೊಡುತ್ತೆ? ಬೆಳಕು ಬೇಕಾದಷ್ಟಿದೆ ಮಾರಾಯ್ರೆ. ಒಂದೆರಡು ರೂಪಾಯಿಯ ಎಲ್‌ಇಡಿಯೂ ಕತ್ತಲ ಕೋಣೆಯಲ್ಲಿ ಕಣ್ಣು ಕುಕ್ಕುತ್ತದೆ. ಕಷ್ಟ ಇರುವುದು ಅದನ್ನು ಕಮ್ಮಿ ಮಾಡುವುದರಲ್ಲಿ, ಕಮ್ಮಿ ಮಾಡಿದ ಮೇಲೂ ಪ್ಯಾನಲ್‌ನ ಈ ತುದಿಯ ಅಕ್ಷರಕ್ಕೂ ಆ ತುದಿಯ ಅಕ್ಷರಕ್ಕೂ ಒಂದೇ ಸಮ ಹಂಚುವುದರಲ್ಲಿ. ಈ ಕೆಲಸದ ಮುಕ್ಕಾಲು ಭಾಗ ಅದೇ. ದುಡ್ಡು ಹಾಕುವುದಿದ್ದರೂ ಎಲ್‌ಇಡಿಗೆ ಹಾಕಬೇಡಿ, ಎಲ್‌ಇಡಿಗೂ ಅಕ್ಷರಕ್ಕೂ ನಡುವೆ ಏನಿದೆಯೋ ಅದಕ್ಕೆ ಹಾಕಿ.

ನಮ್ಮದು ತೀರ್ಥಹಳ್ಳಿ ಕಡೆ ಹಂಚಿನ ಮನೆ. ಅಟ್ಟದಲ್ಲಿದ್ದ ಅಡಿಕೆ ಚೀಲ, ಹಳೇ ಹಂಡೆ, ಮುರಿದ ತೊಟ್ಟಿಲು ಎಲ್ಲ ಒಂದು ಮೂಲೆಗೆ ಸರಿಸಿ ಏರ್‌ಬಸ್ ಎ320ರ ಕಾಕ್‌ಪಿಟ್ ಕಟ್ಟುತ್ತಿದ್ದೇನೆ. ಪೂರ್ತಿ ಅಲ್ಲ. ಕ್ಯಾಪ್ಟನ್ ಕೂರುವ ಎಡಗಡೆ, ನಡುವಿನ ಪೆಡೆಸ್ಟಲ್, ಎದುರಿನ ಗ್ಲೇರ್‌ಶೀಲ್ಡ್ ಇಷ್ಟು ಆಗಿದೆ, ತಲೆ ಮೇಲಿನ ಓವರ್‌ಹೆಡ್ ಬಾಕಿ. ಕಂಪ್ಯೂಟರಿನಲ್ಲಿ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್, ವಿಮಾನ ಫ್ಲೈಬೈವೈರ್‌ನವರು ಪುಕ್ಕಟೆ ಕೊಡುವ ಎ320. ಸೊಗಾನೆಯಲ್ಲಿರುವ ಶಿವಮೊಗ್ಗ ವಿಮಾನ ನಿಲ್ದಾಣಕ್ಕೆ 2023ರ ಆಗಸ್ಟ್‌ನಲ್ಲಿ ಬೆಂಗಳೂರಿನಿಂದ ಮೊದಲ ಸರ್ವಿಸ್ ಶುರುವಾದಾಗ ಬಂದಿದ್ದು ರೆಕ್ಕೆಗೆ ಫ್ಯಾನು ಕಟ್ಟಿಕೊಂಡ ಪುಟ್ಟ ವಿಮಾನ ಎಟಿಆರ್ ಅಂತ ಗೊತ್ತು. ಆದರೆ ಅಲ್ಲಿಯ ರನ್‌ವೇ 3.2 ಕಿಲೋಮೀಟರ್ ಉದ್ದ ಇದೆ, ಎ320 ಇಳಿಸಲು ಧಾರಾಳ ಸಾಕು, ಹಾಗಾಗಿ ನಾನು ಇಳಿಸುತ್ತೇನೆ. ಇದಕ್ಕೆ ತಕರಾರು ಇರುವುದು ಅಪ್ಪಯ್ಯನಿಗೆ ಮಾತ್ರ. "ಇಷ್ಟೆಲ್ಲ ಮಾಡಿ ಎಲ್ಲಿಗೂ ಹೋಗ್ಲೇ ಇಲ್ವಲ್ಲಾ ನೀನು!"

ನಿಜವಾದ ವಿಮಾನದಲ್ಲಿ ಈ ಬೆಳಕು ಅಷ್ಟು ಮಂದ ಯಾಕೆ ಅಂದರೆ, ರಾತ್ರಿ ಪೈಲಟ್ ಹೊರಗೂ ನೋಡಬೇಕು. ಕತ್ತಲಿಗೆ ಕಣ್ಣು ಚೆನ್ನಾಗಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಹಿಡಿಯುತ್ತದೆ. ಒಂದು ಜೋರು ಬೆಳಕು ಕಣ್ಣಿಗೆ ಬಿದ್ದರೆ ಆ ಹೊಂದಾಣಿಕೆಯೆಲ್ಲ ಕ್ಷಣದಲ್ಲಿ ಹೋಯಿತು. ಹಿಂದಿನ ಕಾಲದ ಕಾಕ್‌ಪಿಟ್‌ಗಳಲ್ಲಿ ಕೆಂಪು ದೀಪ ಇರುತ್ತಿದ್ದುದು ಇದಕ್ಕೇ. ಕತ್ತಲಲ್ಲಿ ಕೆಲಸ ಮಾಡುವ ರಾಡ್ ಕೋಶಗಳಿಗೆ ಕೆಂಪು ಬೆಳಕು ಹೆಚ್ಚುಕಮ್ಮಿ ಕಾಣುವುದೇ ಇಲ್ಲ, ಹಾಗಾಗಿ ಅವು ಕೆಡುವುದೂ ಇಲ್ಲ. ಆದರೆ ಕೆಂಪು ದೀಪದಲ್ಲಿ ನಕ್ಷೆ ನೋಡಿದರೆ ಕೆಂಪು ಗೆರೆಗಳೆಲ್ಲ ಮಾಯ! ಇದೂ ಒಂದು ಕಾರಣವಾಗಿ ಕಾಕ್‌ಪಿಟ್‌ಗಳು ನಿಧಾನಕ್ಕೆ ಮಂದ ಬಿಳಿ ಬೆಳಕಿಗೆ ಬಂದವು. ಏರ್‌ಬಸ್‌ನವರದ್ದು ಇನ್ನೂ ಒಂದು ಹೆಜ್ಜೆ ಮುಂದೆ. ಎಲ್ಲ ಸರಿ ಇದ್ದರೆ ಓವರ್‌ಹೆಡ್‌ನ ಬಟನ್‌ಗಳಲ್ಲಿ ದೀಪವೇ ಉರಿಯಬಾರದು ಅನ್ನುವುದು ಅವರ ಲೆಕ್ಕ, ಡಾರ್ಕ್ ಕಾಕ್‌ಪಿಟ್ ಅನ್ನುತ್ತಾರೆ. ಯಾವುದಾದರೂ ಹೊತ್ತಿಕೊಂಡರೆ ಅದನ್ನು ನೋಡು ಅಂತ ಅರ್ಥ. ಸುತ್ತಲಿನ ಅಕ್ಷರಗಳು ಬೇಕಾಬಿಟ್ಟಿ ಹೊಳೆಯುತ್ತಿದ್ದರೆ ಆ ಒಂದು ದೀಪ ಕಾಣುವುದು ಹೇಗೆ?

ಈಗ ಪ್ಯಾನಲ್. ಇದರಲ್ಲಿ ಅಕ್ಷರ ಬರೆದಿರುವುದಿಲ್ಲ, ಕೆರೆದಿರುತ್ತದೆ. 3 ಮಿಲಿಮೀಟರ್ ದಪ್ಪದ ಹಾಲುಬಿಳಿ ಅಕ್ರಿಲಿಕ್ ಶೀಟ್ ತಗೊಳ್ಳಿ. ಗಾಜಿನಂತೆ ಪಾರದರ್ಶಕ ಇರುವುದು ಬೇಡ, ಅದರಲ್ಲಿ ಹಿಂದಿನ ಎಲ್‌ಇಡಿಯ ಚುಕ್ಕಿ ಹಾಗೇ ಕಾಣುತ್ತದೆ. ಇದರ ಮೇಲೆ ಮೊದಲು ಮ್ಯಾಟ್ ಕಪ್ಪು ಸ್ಪ್ರೇ ಪೇಂಟ್, ಅದು ಒಣಗಿದ ಮೇಲೆ ಏರ್‌ಬಸ್‌ನ ಬೂದು ನೀಲಿ ಬಣ್ಣ. ಬರೀ ಬೂದು ಬಣ್ಣ ಹೊಡೆದರೆ ಹಗಲಲ್ಲಿ ಚೆಂದ ಕಾಣುತ್ತದೆ, ರಾತ್ರಿ ಲೈಟ್ ಹಾಕಿದಾಗ ಪ್ಯಾನಲ್ ಇಡೀ ಮಸುಕು ಮಸುಕಾಗಿ ಬೆಳಗುತ್ತದೆ, ಯಾಕಂದರೆ ತಿಳಿ ಬಣ್ಣ ಬೆಳಕನ್ನು ಪೂರ್ತಿ ತಡೆಯುವುದಿಲ್ಲ. ತಡೆಯುವ ಕೆಲಸ ಅಡಿಯ ಕಪ್ಪಿನದ್ದು. ಆಮೇಲೆ ಲೇಸರ್‌ನಲ್ಲಿ ಅಕ್ಷರದ ಆಕಾರಕ್ಕೆ ಎರಡೂ ಪದರ ಸುಟ್ಟು ತೆಗೆಸಬೇಕು. ಅಲ್ಲಿ ಮಾತ್ರ ಹಾಲುಬಿಳಿ ಕಾಣುತ್ತದೆ. ಹಗಲಲ್ಲಿ ಬಿಳಿ ಅಕ್ಷರ, ರಾತ್ರಿ ಹೊಳೆಯುವ ಅಕ್ಷರ.

ಲೇಸರ್‌ಗೆ ಬೆಂಗಳೂರಿಗೆ ಓಡಬೇಕಾಗಿಲ್ಲ. ನೇಮ್ ಪ್ಲೇಟು, ಟ್ರೋಫಿ, ಮದುವೆಯ ಅಕ್ರಿಲಿಕ್ ಬೋರ್ಡು ಮಾಡಿಕೊಡುವ ಅಂಗಡಿಯವರ ಹತ್ತಿರ ಇರುವ ಸಿಒ2 ಲೇಸರ್ ಮೆಷಿನ್ನೇ ಇದಕ್ಕೆ ಸಾಕು. ಅವರಿಗೆ ಕೋರಲ್ ಡ್ರಾ ಫೈಲ್ ಕೊಟ್ಟರೆ ಖುಷಿ. ಅಕ್ಷರಗಳನ್ನೆಲ್ಲ ಕರ್ವ್ಸ್ ಮಾಡಿ ಕೊಡಿ, ಇಲ್ಲದಿದ್ದರೆ ಅವರ ಕಂಪ್ಯೂಟರಿನಲ್ಲಿ ನಿಮ್ಮ ಫಾಂಟ್ ಇಲ್ಲದೆ ಬೇರೇನೋ ಅಚ್ಚಾಗುತ್ತದೆ. ಕೆತ್ತುವುದಕ್ಕೆ ಒಂದು ಬಣ್ಣ, ಕತ್ತರಿಸುವುದಕ್ಕೆ ಇನ್ನೊಂದು ಬಣ್ಣದ ಗೆರೆ ಅಂತ ಮೊದಲೇ ಮಾತಾಡಿಕೊಳ್ಳಿ. ಮೂಲೆಯ ತುಂಡಿನಲ್ಲಿ ಒಂದು ಅಕ್ಷರ ಕೆತ್ತಿಸಿ ನೋಡಿ. ಬಣ್ಣ ಹೋಗಬೇಕು, ಅಕ್ರಿಲಿಕ್ ಗುಂಡಿ ಬೀಳಬಾರದು. ನಾನು ಶಿವಮೊಗ್ಗದಲ್ಲಿ ಮಾಡಿಸುವ ಅಂಗಡಿಯವರು ಶೀಟ್ ತಿರುಗಿಸಿ ತಿರುಗಿಸಿ ನೋಡಿ, "ಸಾರ್, ಎಲ್ಲಾ ಕಡೆ ಫೈರ್, ಫ್ಯೂಯೆಲ್, ಪಂಪ್ ಅಂತಿದೆಯಲ್ಲ, ಪೆಟ್ರೋಲ್ ಬಂಕಿಗಾ?" ಅಂದರು. ವಿಮಾನಕ್ಕೆ ಅಂದೆ. ಅವರು ನಂಬಿದ ಹಾಗೆ ಕಾಣಲಿಲ್ಲ, ಆದರೆ ಕೆಲಸ ಮಾತ್ರ ಅಚ್ಚುಕಟ್ಟು.

ಇನ್ನು ಡಬ್ಬ. ಪ್ಯಾನಲ್ ಹಿಂದೆ ಎಲ್‌ಇಡಿ ಕೂರುವ ಜಾಗವನ್ನು ನಾನು ಡಬ್ಬ ಅನ್ನುತ್ತೇನೆ. ಪ್ಯಾನಲ್ ಚೆನ್ನಾಗಿ ಬರುತ್ತದೋ ಇಲ್ಲವೋ ತೀರ್ಮಾನ ಆಗುವುದು ಇಲ್ಲೇ. ಎರಡು ಎಲ್‌ಇಡಿಗಳ ನಡುವೆ ಎಷ್ಟು ಅಂತರ ಇದೆಯೋ, ಎಲ್‌ಇಡಿಯಿಂದ ಅಕ್ರಿಲಿಕ್‌ಗೂ ಕಮ್ಮಿ ಅಂದರೆ ಅಷ್ಟೇ ಅಂತರ ಬಿಡಬೇಕು. ಮೀಟರಿಗೆ 60 ಎಲ್‌ಇಡಿ ಇರುವ ಸ್ಟ್ರಿಪ್ ಆದರೆ ನಡುವಿನ ಅಂತರ ಸುಮಾರು 17 ಮಿಲಿಮೀಟರ್, ಹಾಗಾಗಿ ಡಬ್ಬದ ಆಳ 20 ಮಿಲಿಮೀಟರ್ ಇದ್ದರೆ ನೆಮ್ಮದಿ. ಹಿಂದೆ ಸ್ವಿಚ್ಚು, ತಿರುಗಿಸುವ ನಾಬಿನ ಎನ್‌ಕೋಡರ್, ವೈರುಗಳ ಗೊಂಚಲು ಎಲ್ಲ ಇರುವುದರಿಂದ ಅಷ್ಟು ಜಾಗ ಸಿಗಲ್ಲ ಅಂತ ಅನಿಸಬಹುದು. ಆಗ ಆಳ ಕಮ್ಮಿ ಮಾಡಿ ಎಲ್‌ಇಡಿಗಳನ್ನು ಹತ್ತಿರ ಹತ್ತಿರ ಜೋಡಿಸಿ, ಮೀಟರಿಗೆ 120 ಇರುವ ಸ್ಟ್ರಿಪ್ಪೂ ಸಿಗುತ್ತದೆ. ಡಬ್ಬದ ಒಳಗೆ ಎಲ್ಲ ಕಡೆ ಬಿಳಿ ಬಣ್ಣ ಹೊಡೆಯಿರಿ. ಕಪ್ಪು ಹೊಡೆಯುವವರಿದ್ದಾರೆ, ಸೋರಿಕೆ ನಿಲ್ಲಲಿ ಅಂತ. ಆದರೆ ಬಿಳಿ ಗೋಡೆಗೆ ಬಡಿದು ಬಡಿದು ಬೆಳಕು ತಾನಾಗೇ ಹರಡಿಕೊಳ್ಳುತ್ತದೆ, ಕಪ್ಪು ಗೋಡೆ ಅದನ್ನು ನುಂಗುತ್ತದೆ. ಸೋರಿಕೆಗೆ ಹೊರಗಿನಿಂದ ಅಲ್ಯುಮಿನಿಯಂ ಟೇಪ್ ಸುತ್ತಿದರಾಯಿತು, ಸೋಲ್ಡರ್ ಮಾಡಿದ ಜಾಗಕ್ಕೆ ಅದು ತಾಗದಂತೆ ನೋಡಿಕೊಳ್ಳಿ, ಕರೆಂಟ್ ಹರಿಯುವ ಟೇಪ್ ಅದು. ಇಷ್ಟಾದ ಮೇಲೂ ಚುಕ್ಕಿ ಚುಕ್ಕಿ ಕಂಡರೆ ಎಲ್‌ಇಡಿಗೂ ಅಕ್ರಿಲಿಕ್‌ಗೂ ನಡುವೆ ಒಂದು ಬಟರ್ ಪೇಪರ್ ಇಡಿ. ಸ್ಟೇಷನರಿ ಅಂಗಡಿಯದ್ದೇ ಸಾಕು, ಡಿಫ್ಯೂಸರ್ ಫಿಲ್ಮ್ ಅಂತ ಆನ್‌ಲೈನ್‌ನಲ್ಲಿ ಅಷ್ಟೊಂದು ದುಡ್ಡು ಕೊಡಬೇಡಿ.

ಎಲ್‌ಇಡಿಯ ಲೆಕ್ಕ ಸುಲಭ. ಬಿಳಿ ಎಲ್‌ಇಡಿಗೆ ಸುಮಾರು 3.2 ವೋಲ್ಟ್ ಬೇಕು. ಮೂರನ್ನು ಸೀರೀಸ್‌ನಲ್ಲಿ ಜೋಡಿಸಿದರೆ 9.6. ಅಡಾಪ್ಟರ್ 12 ವೋಲ್ಟಿನದ್ದಾದರೆ ಉಳಿಯುವುದು 2.4 ವೋಲ್ಟ್, ಅದನ್ನು ರೆಸಿಸ್ಟರ್ ತಿನ್ನಬೇಕು. 10 ಮಿಲಿಆಂಪ್ ಸಾಕು ಅಂದುಕೊಂಡರೆ 2.4 ಭಾಗಿಸು 0.01, ಅಂದರೆ 240 ಓಮ್. ಅಂಗಡಿಯಲ್ಲಿ 270 ಸಿಕ್ಕರೆ ಅದನ್ನೇ ಹಾಕಿ, ಏನೂ ಹಾನಿಯಿಲ್ಲ. ನಾಲ್ಕು ಎಲ್‌ಇಡಿ ಸೀರೀಸ್ ಮಾಡಲು ಹೋಗಬೇಡಿ, 12.8 ವೋಲ್ಟ್ ಆಗುತ್ತದೆ, ಸರಿಯಾಗಿ ಉರಿಯುವುದಿಲ್ಲ. ಪ್ರತಿ ಮೂರರ ಸಾಲಿಗೂ ಬೇರೆ ಬೇರೆ ರೆಸಿಸ್ಟರ್ ಇರಲಿ. ಎಲ್ಲ ಸಾಲುಗಳಿಗೂ ಸೇರಿ ಒಂದೇ ರೆಸಿಸ್ಟರ್ ಹಾಕಿದರೆ ಯಾವ ಸಾಲಿನ ವೋಲ್ಟೇಜ್ ಚೂರು ಕಮ್ಮಿಯೋ ಅದು ಕರೆಂಟ್ ಜಾಸ್ತಿ ಎಳೆದುಕೊಳ್ಳುತ್ತದೆ, ಉಳಿದವು ಮಂಕು. ನಾವು ಮೊದಲೇ ಸಮ ಬೆಳಕಿಗೆ ಒದ್ದಾಡುತ್ತಿರುವವರು. 12 ವೋಲ್ಟಿನ ಸ್ಟ್ರಿಪ್‌ಗಳೂ ಒಳಗೆ ಹೀಗೇ ಇರುವುದು, ಮೂರು ಎಲ್‌ಇಡಿ ಮತ್ತು ರೆಸಿಸ್ಟರ್. ಅದಕ್ಕೇ ಅವನ್ನು ಮೂರು ಮೂರು ಎಲ್‌ಇಡಿಗೆ ಒಮ್ಮೆ, ಗೆರೆ ಇರುವಲ್ಲಿ ಮಾತ್ರ ಕತ್ತರಿಸಬೇಕು. ಸ್ಟ್ರಿಪ್ ತರುವುದಾದರೆ 3528 ಅನ್ನುವ ಸಣ್ಣ ಗಾತ್ರದ ಎಲ್‌ಇಡಿಯದ್ದು ಸಾಕು. ಅದು ಮೀಟರಿಗೆ 60ರ ಲೆಕ್ಕದಲ್ಲಿ 4.8 ವ್ಯಾಟ್. ದೊಡ್ಡ ಗಾತ್ರದ 5050 ಆದರೆ ಅಷ್ಟೇ ಉದ್ದಕ್ಕೆ 14.4 ವ್ಯಾಟ್, ಅಡುಗೆಮನೆಯ ಕಟ್ಟೆಗೆ ಚೆಂದ, ಕಾಕ್‌ಪಿಟ್‌ಗೆ ಬೇಡ. ಹಾಂ, ಒಂದು ಕಾಕ್‌ಪಿಟ್‌ಗೆ ಬೇಕಾದ ಅಷ್ಟೂ ಎಲ್‌ಇಡಿ ಒಂದೇ ಸಲ, ಒಂದೇ ಪ್ಯಾಕೆಟ್ಟಿನಿಂದ ತಗೊಳ್ಳಿ. ವಾರ್ಮ್ ವೈಟ್ ಅಂತ ಬರೆದಿದ್ದರೂ ಒಂದು ಪ್ಯಾಕೆಟ್ಟಿನದ್ದು ಹಳದಿ, ಇನ್ನೊಂದರದ್ದು ಸ್ವಲ್ಪ ಗುಲಾಬಿ ಇರುವುದುಂಟು. ಪಕ್ಕಪಕ್ಕದ ಪ್ಯಾನಲ್‌ನಲ್ಲಿ ಬಂದರೆ ಅದು ಎದ್ದು ಕಾಣುತ್ತದೆ.

ಅಡಾಪ್ಟರ್ ಹೊಸದು ಬೇಡ. ಮೂರರ ಒಂದೊಂದು ಸಾಲಿಗೆ 10 ಮಿಲಿಆಂಪ್ ಅಂದರೆ 40 ಸಾಲಿಗೆ 400 ಮಿಲಿಆಂಪ್. ಹಳೇ ಸೆಟ್‌ಟಾಪ್ ಬಾಕ್ಸಿನ 12 ವೋಲ್ಟ್, 1 ಆಂಪ್ ಅಡಾಪ್ಟರ್ ಎಲ್ಲರ ಮನೆಯ ಡ್ರಾಯರ್‌ನಲ್ಲೂ ಬಿದ್ದಿರುತ್ತದೆ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಯಾವಾಗ ಹೋಗುತ್ತದೆ ಅಂತ ಹೇಳಲು ಬರುವುದಿಲ್ಲವಲ್ಲ, ವೈಫೈ ರೂಟರಿಗೆ ಅಂತ ತಂದ 12 ವೋಲ್ಟಿನ ಪುಟ್ಟ ಯುಪಿಎಸ್ಸಿನಲ್ಲೂ ಇದು ಉರಿಯುತ್ತದೆ. ಕಂಪ್ಯೂಟರ್ ಆಫ್ ಆಗಿ ವಿಮಾನ ಮಾಯವಾದರೂ ಪ್ಯಾನಲ್ ಬೆಳಗುತ್ತಲೇ ಇರುತ್ತದೆ. ಪ್ರಯೋಜನ ಏನು ಅಂತ ಕೇಳಬೇಡಿ.

ಡಿಮ್ಮಿಂಗ್ ವಿಷಯಕ್ಕೆ ಜಾಸ್ತಿ ಹೊತ್ತು ಕೊಡಿ. ಆರ್ಡುಯಿನೊ ಅನ್ನುವ ಪುಟ್ಟ ಕಂಟ್ರೋಲರ್ ಬೋರ್ಡಿನ ಒಂದು ಪಿನ್ನಿನಿಂದ 20 ಮಿಲಿಆಂಪ್‌ಗಿಂತ ಜಾಸ್ತಿ ಎಳೆಯುವುದು ಒಳ್ಳೆಯದಲ್ಲ, ಹಾಗಾಗಿ ನಡುವೆ ಒಂದು ಮಾಸ್‌ಫೆಟ್ ಬೇಕು, ಸಣ್ಣ ಸಂಕೇತಕ್ಕೆ ದೊಡ್ಡ ಕರೆಂಟನ್ನು ಆನ್ ಆಫ್ ಮಾಡುವ ಬಿಡಿಭಾಗ ಅದು. ಐಆರ್‌ಎಲ್‌ಝೆಡ್44ಎನ್ ಹಾಕಿ. ಹೆಸರಿನಲ್ಲಿರುವ ಆ ‘ಎಲ್’ ಮುಖ್ಯ, ಅದು 5 ವೋಲ್ಟಿಗೇ ಪೂರ್ತಿ ತೆರೆದುಕೊಳ್ಳುವ ಜಾತಿ. ಅದರ ಗೇಟಿನಿಂದ, ಅಂದರೆ ಸಂಕೇತ ಪಡೆಯುವ ಕಾಲಿನಿಂದ, ಗ್ರೌಂಡಿಗೆ ಒಂದು 10 ಕಿಲೋ ಓಮ್ ರೆಸಿಸ್ಟರ್ ಇದ್ದರೆ ಬೋರ್ಡ್ ಸ್ಟಾರ್ಟ್ ಆಗುವಾಗ ಲೈಟು ಫಕ್ ಅಂತ ಹೊತ್ತಿಕೊಳ್ಳುವುದಿಲ್ಲ. 12 ವೋಲ್ಟಿನ ಗ್ರೌಂಡ್ ಮತ್ತು ಆರ್ಡುಯಿನೊ ಗ್ರೌಂಡ್ ಎರಡನ್ನೂ ಸೇರಿಸಲೇಬೇಕು. ಬೆಳಕು ಇಳಿಸುವುದು ಪಿಡಬ್ಲ್ಯುಎಂನಿಂದ, ಅಂದರೆ ಲೈಟನ್ನು ಸೆಕೆಂಡಿಗೆ ನೂರಾರು ಸಲ ಆನ್ ಆಫ್ ಮಾಡುವುದು, ಆನ್ ಇರುವ ಹೊತ್ತು ಕಮ್ಮಿಯಾದಷ್ಟೂ ಬೆಳಕು ಮಂದ. ಆರ್ಡುಯಿನೊದ ಬಹುಪಾಲು ಪಿನ್ನುಗಳಲ್ಲಿ ಅದು ಸುಮಾರು 490 ಸಲ. ಕಣ್ಣಿಗೆ ಗೊತ್ತಾಗಲ್ಲ, ಮೊಬೈಲಿನಲ್ಲಿ ವಿಡಿಯೋ ತೆಗೆದರೆ ಪಟ್ಟೆ ಪಟ್ಟೆ ಬರುತ್ತದೆ.

ತೊಂದರೆ ಇರುವುದು ಕೆಳತುದಿಯಲ್ಲಿ. ಪಿಡಬ್ಲ್ಯುಎಂಗೆ 0ಯಿಂದ 255ರವರೆಗೆ ಮೆಟ್ಟಿಲು. 200ರಿಂದ 201ಕ್ಕೆ ಹೋದರೆ ಯಾರಿಗೂ ತಿಳಿಯದು. 1ರಿಂದ 2ಕ್ಕೆ ಹೋದರೆ ಬೆಳಕು ಎರಡು ಪಟ್ಟು! ರಾತ್ರಿ ನಮಗೆ ಬೇಕಾದ ಮಂದ ಬೆಳಕು ಇರುವುದು ಸರಿಯಾಗಿ ಆ ಕೆಳಗಿನ ನಾಲ್ಕಾರು ಮೆಟ್ಟಿಲಲ್ಲಿ, ನಾಬ್ ತಿರುಗಿಸಿದರೆ ಜಾರುವ ಬದಲು ಕುಪ್ಪಳಿಸುತ್ತದೆ. ಇದಕ್ಕೆ ಪ್ರೋಗ್ರಾಮಿನಲ್ಲಿ ಸರ್ಕಸ್ ಮಾಡುವುದಕ್ಕಿಂತ ರೆಸಿಸ್ಟರ್ ದೊಡ್ಡದು ಹಾಕಿಬಿಡಿ. 240 ಓಮಿನ ಜಾಗಕ್ಕೆ 1 ಕಿಲೋ ಓಮ್ ಹಾಕಿದರೆ ಒಂದು ಸಾಲಿನ ಕರೆಂಟ್ 3 ಮಿಲಿಆಂಪ್ ಆಸುಪಾಸಿಗೆ ಇಳಿಯುತ್ತದೆ. ಈಗ 255 ಅಂದರೆ ನಿಮಗೆ ಸಂಜೆ ಹೊತ್ತು ಬೇಕಾದಷ್ಟು ಬೆಳಕು, ಅದಕ್ಕಿಂತ ಕೆಳಗಿನ ಅಷ್ಟೂ ಮೆಟ್ಟಿಲು ನಿಮ್ಮ ಕೈಯಲ್ಲಿ. ರೆಸಿಸ್ಟರ್ ಬದಲಿಸಲು ಆಗದ ಸ್ಟ್ರಿಪ್ ಆದರೆ ವೋಲ್ಟೇಜ್ ಇಳಿಸುವ ಬಕ್ ಕನ್ವರ್ಟರ್ ಮಾಡ್ಯೂಲ್ ಹಾಕಿ ಸ್ಟ್ರಿಪ್‌ಗೆ 12ರ ಬದಲು 9 ಅಥವಾ 10 ವೋಲ್ಟ್ ಕೊಡಿ, ಕೆಲಸ ಅದೇ. ಜೊತೆಗೆ ನಾಬಿನ ಸಂಖ್ಯೆಯನ್ನು ಅದರಿಂದಲೇ ಗುಣಿಸಿ 255ರಿಂದ ಭಾಗಿಸಿ ಕೊಟ್ಟರೆ, ಅಂದರೆ ಅರ್ಧ ತಿರುಗಿಸಿದಾಗ 128 ಹೋಗುವ ಬದಲು 64 ಹೋಗುವ ಹಾಗೆ ಮಾಡಿದರೆ, ನಾಬಿನ ಅರ್ಧ ಕಣ್ಣಿಗೂ ಅರ್ಧದಂತೆ ಕಾಣುತ್ತದೆ. ಮೊಬಿಫ್ಲೈಟ್ ಅನ್ನುವ ಪುಕ್ಕಟೆ ಸಾಫ್ಟ್‌ವೇರ್ ಇದೆ, ಸಿಮ್ಯುಲೇಟರಿಗೂ ಆರ್ಡುಯಿನೊಗೂ ಅದೇ ಸೇತುವೆ. ಅದರಲ್ಲಿ ಇಂಥ ಸೂತ್ರ ಬರೆಯುವುದು ಒಂದು ಸಾಲಿನ ಕೆಲಸ. ಇನ್ನೂ ಒಂದು ಖುಷಿ ಅಂದರೆ, ಸಿಮ್ಯುಲೇಟರಿನಲ್ಲಿ ವಿಮಾನದ ಕರೆಂಟ್ ಪೂರ್ತಿ ಆಫ್ ಮಾಡಿದಾಗ ಅಟ್ಟದ ಪ್ಯಾನಲ್ಲೂ ಕತ್ತಲಾಗುವ ಹಾಗೆ ಮಾಡಬಹುದು.

ಎ320ರಲ್ಲಿ ಪ್ಯಾನಲ್ ಅಕ್ಷರಗಳ ಬೆಳಕಿಗೆ ಇಂಟೆಗ್ ಎಲ್‌ಟಿ ಅಂತ ನಾಬ್ ಬೇರೆ, ಬಟನ್ ದೀಪಗಳಿಗೆ ಆ್ಯನ್ ಎಲ್‌ಟಿ ಅಂತ ಸ್ವಿಚ್ ಬೇರೆ. ಆ ಸ್ವಿಚ್ಚಿಗೆ ಟೆಸ್ಟ್, ಬ್ರೈಟ್, ಡಿಮ್ ಅಂತ ಮೂರೇ ಜಾಗ. ನೀವೂ ವೈರಿಂಗ್ ಮಾಡುವಾಗ ಇವೆರಡನ್ನು ಮೊದಲಿಂದಲೇ ಬೇರೆ ಇಡಿ, ಆಮೇಲೆ ಬೇರ್ಪಡಿಸುವುದು ಬಹಳ ರಗಳೆ. ಬಟನ್ ದೀಪಕ್ಕೆ ಬಣ್ಣದ ಎಲ್‌ಇಡಿ ಬೇಕು. ಫಾಲ್ಟ್‌ಗೆ ಕೇಸರಿ ಹಳದಿ, ಬಳಸಲು ಸಿದ್ಧ ಅನ್ನುವ ಅವೈಲ್‌ಗೆ ಹಸಿರು, ಆಫ್‌ಗೆ ಬಿಳಿ, ಬಾಲದಲ್ಲಿರುವ ಸಹಾಯಕ ಎಂಜಿನ್ ಎಪಿಯುವಿನ ಮಾಸ್ಟರ್ ಬಟನ್ನಿನ ಆನ್‌ಗೆ ನೀಲಿ, ಬೆಂಕಿಗೆ ಕೆಂಪು. ಕೆಂಪು, ಕೇಸರಿ ಎಲ್‌ಇಡಿಗೆ 2 ವೋಲ್ಟ್ ಆಸುಪಾಸು, ನೀಲಿಗೆ 3 ದಾಟುತ್ತದೆ, ಹಾಗಾಗಿ ಎಲ್ಲಕ್ಕೂ ಒಂದೇ ರೆಸಿಸ್ಟರ್ ನಡೆಯಲ್ಲ. ಲೆಕ್ಕದ ಪ್ರಕಾರ ಸರಿ ಹಾಕಿದರೂ ರಾತ್ರಿ ನೀಲಿ ಮಾತ್ರ ಎದ್ದು ಹೊಡೆಯುತ್ತದೆ, ಯಾಕಂದರೆ ಕತ್ತಲಿಗೆ ಹೊಂದಿಕೊಂಡ ಕಣ್ಣು 500 ನ್ಯಾನೋಮೀಟರ್ ಸುತ್ತಿನ ನೀಲಿ ಹಸಿರಿಗೆ ಎಲ್ಲಕ್ಕಿಂತ ಚುರುಕು. ನೀಲಿಗೆ, ಹಸಿರಿಗೆ ಇನ್ನೂ ದೊಡ್ಡ ರೆಸಿಸ್ಟರ್ ಹಾಕಿ ಕಣ್ಣಳತೆಯಲ್ಲಿ ಸರಿ ಮಾಡಿಕೊಳ್ಳಿ. ಮೀಟರು ಇಲ್ಲಿ ಸಹಾಯಕ್ಕೆ ಬರುವುದಿಲ್ಲ.

ಬಣ್ಣದ ಬಗ್ಗೆ ನನ್ನದೊಂದು ಹಟ ಇದೆ. ಹಳೇ ವಿಮಾನಗಳ ಪ್ಯಾನಲ್‌ನಲ್ಲಿ ಇದ್ದದ್ದು 5 ವೋಲ್ಟಿನ ಪುಟ್ಟ ತಂತಿ ಬಲ್ಬುಗಳು. ತಂತಿ ಬಲ್ಬನ್ನು ಡಿಮ್ ಮಾಡಿದರೆ ಬೆಳಕು ಕಮ್ಮಿಯಾಗುತ್ತಾ ಕೆಂಡದ ಬಣ್ಣಕ್ಕೆ ತಿರುಗುತ್ತದೆ. ಎಲ್‌ಇಡಿ ಹಾಗಲ್ಲ, ಎಷ್ಟು ಇಳಿಸಿದರೂ ಬಣ್ಣ ಅದೇ. ಅದಕ್ಕೇ ಮೊದಲೇ 2700 ಕೆಲ್ವಿನ್ನಿನ ವಾರ್ಮ್ ವೈಟ್ ತರುವುದು ಒಳ್ಳೆಯದು. 6500ರ ಕೂಲ್ ವೈಟ್ ಹಾಕಿದ ಪ್ಯಾನಲ್ ಮೊಬೈಲ್ ಅಂಗಡಿಯ ಶೋಕೇಸ್ ತರ ಕಾಣುತ್ತದೆ. ಇದನ್ನು ಯಾರು ಒಪ್ಪಲಿ ಬಿಡಲಿ.

ಮಲೆನಾಡಿನಲ್ಲಿ ವಾರ್ಮ್ ವೈಟ್ ಹಾಕಲು ಇನ್ನೊಂದು ಕಾರಣವೂ ಇದೆ, ಹಾತೆ. ಮುಂಗಾರು ಶುರುವಾದ ಸಂಜೆಗಳಲ್ಲಿ ದೀಪ ಹಾಕಿದರೆ ಊರಿನ ಹಾತೆಯೆಲ್ಲ ಮನೆಯೊಳಗೆ. ಹುಳಗಳಿಗೆ ನೀಲಿ ಕಡೆಯ ಬೆಳಕಿನ ಮೇಲೆ ಮೋಹ ಜಾಸ್ತಿ, ಹಳದಿ ಕಡೆ ಕಮ್ಮಿ. ಕಮ್ಮಿ ಅಂದರೆ ಇಲ್ಲ ಅಂತಲ್ಲ. ಸ್ವಿಚ್ಚಿನ ಪಕ್ಕದ ಸಂದಿಯಲ್ಲಿ ನುಗ್ಗಿ ಡಬ್ಬದೊಳಗೆ ಸತ್ತರೆ ಹಿಂದಿನಿಂದ ಬೆಳಕು ಬಿದ್ದಾಗ ‘ಫ್ಯೂಯೆಲ್’ ಅನ್ನುವ ಅಕ್ಷರದ ಮೇಲೆ ಒಂದು ರೆಕ್ಕೆ, ಎರಡು ಮೀಸೆ ಕಾಣಿಸುತ್ತವೆ. ಪ್ರತಿ ಸ್ವಿಚ್ಚಿನ ಸುತ್ತ, ಡಬ್ಬದ ಅಂಚಿಗೆ ಫೋಮ್ ಟೇಪ್ ಹಚ್ಚಿ ಮುಚ್ಚಿ. ಬೆಳಕಿನ ಸೋರಿಕೆಗೂ ಅದೇ ಮದ್ದು.

ತೇವದ್ದು ಬೇರೆ ಕತೆ. ಜುಲೈನಲ್ಲಿ ಅಟ್ಟದ ಗೋಡೆಯೇ ಬೆವರುತ್ತಿರುತ್ತದೆ. ಸೋಲ್ಡರ್ ಮಾಡಿದ ಮೇಲೆ ಫ್ಲಕ್ಸ್ ಹಾಗೇ ಬಿಟ್ಟರೆ ಅದು ನೀರಿನಂಶ ಎಳೆದುಕೊಂಡು ಒಂದೇ ಮಳೆಗಾಲದಲ್ಲಿ ತಾಮ್ರದ ಮೇಲೆ ಹಸಿರು ಕಿಲುಬು ಬರಿಸುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜಿ ತೊಳೆದು, ಒಣಗಿದ ಮೇಲೆ ಬಣ್ಣವಿಲ್ಲದ ನೇಲ್ ಪಾಲಿಶ್ ಹಚ್ಚಿಬಿಡಿ. ಹೀಗೆ ಮಾಡಿದ ಪೆಡೆಸ್ಟಲ್ ಬೋರ್ಡು ಹೋದ ಮಳೆಗಾಲ ದಾಟಿ ಈಗಲೂ ಹೊಳಪಾಗಿದೆ. "ಎಂತ ಮಾರಾಯ, ನನ್ನ ಪಾಲಿಶ್ ಎಲ್ಲ ವಿಮಾನಕ್ಕೇ ಆಯ್ತಲ್ಲ" ಅಂತ ತಂಗಿ ಬೈದಳು, ಒಂದು ಬಾಟಲಿ ಬೇರೆ ತಂದುಕೊಟ್ಟೆ.

ಓವರ್‌ಹೆಡ್‌ಗೆ ಅಕ್ರಿಲಿಕ್ ತಂದಾಗಿದೆ, ಸ್ಪ್ರೇ ಪೇಂಟ್ ಮಾತ್ರ ಈಗ ಹೊಡೆಯುವ ಹಾಗಿಲ್ಲ. ಗಾಳಿಯಲ್ಲಿ ತೇವ ಇಷ್ಟಿರುವಾಗ ಲ್ಯಾಕರ್ ಜಾತಿಯ ಬಣ್ಣ ಒಣಗುತ್ತಾ ಒಣಗುತ್ತಾ ಮೇಲೆ ಬಿಳಿ ಮಂಜು ಕಟ್ಟಿಕೊಳ್ಳುತ್ತದೆ, ಮ್ಯಾಟ್ ಕಪ್ಪಿನ ಮೇಲಂತೂ ಅದು ಢಾಳಾಗಿ ಕಾಣುತ್ತದೆ. ನವರಾತ್ರಿ ಕಳೆದು ಬಿಸಿಲು ಗಟ್ಟಿಯಾದ ಮೇಲೆ, ಅಡಿಕೆ ಒಣಗಿಸಲು ಅಂಗಳ ಬೇಕು ಅಂತ ಅಮ್ಮ ಶುರು ಮಾಡುವುದರೊಳಗೆ ಅಲ್ಲೇ ಹೊಡೆದು ಮುಗಿಸಬೇಕು. ಅಲ್ಲಿಯವರೆಗೆ ಕೋರಲ್ ಡ್ರಾ ಫೈಲಿನ ಕೆಲಸ ಸಾಕಷ್ಟಿದೆ, ಇಂಧನ ಪಂಪಿನ ಭಾಗದ ಗೆರೆಗಳೇ ಇನ್ನೂ ಬಾಕಿ.